ಪೆಥಾಲಜಿ ಪಿಜಿ ಸೀಟು: ಮಲೆನಾಡಿನ ಆಸ್ಪತ್ರೆಯಲ್ಲಿ ನಿಜಕ್ಕೂ ಎಣಿಸಬೇಕಾದ್ದು ಏನನ್ನು?

ಪೆಥಾಲಜಿ, ಅಂದರೆ ದೇಹದ ತುಣುಕು, ರಕ್ತ ಪರೀಕ್ಷಿಸಿ ರೋಗ ಹೇಳುವ ವಿಭಾಗಕ್ಕೆ ಪಿಜಿ (ಸ್ನಾತಕೋತ್ತರ) ಸೀಟು ಕೇಳುವಾಗ, ಅಥವಾ ಇರುವ ಸೀಟು ಹೆಚ್ಚಿಸಿಕೊಳ್ಳುವಾಗ, ಕಾಲೇಜಿನವರು ಮೊದಲು ಎಣಿಸುವುದು ಪ್ರೊಫೆಸರುಗಳನ್ನು, ಮೈಕ್ರೋಸ್ಕೋಪುಗಳನ್ನು, ಹಾಸಿಗೆಗಳನ್ನು, ಮ್ಯೂಸಿಯಂ ಜಾಡಿಗಳನ್ನು. ಇವೆಲ್ಲ ಎಣಿಸಬೇಕಾದವೇ. ಆದರೆ ಎಂಡಿ ಮುಗಿಸಿದ ಹುಡುಗಿ ನಾಳೆ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಒಬ್ಬಳೇ ಕೂತು ಕ್ಯಾನ್ಸರ್ ರಿಪೋರ್ಟಿಗೆ ಸಹಿ ಹಾಕುವಾಗ ಅವಳ ನೆರವಿಗೆ ಬರುವುದು ಮೂರು ವರ್ಷದಲ್ಲಿ ತಾನೇ ಕೊಯ್ದು, ತಾನೇ ನೋಡಿ, ತಪ್ಪು ಹೇಳಿ, ತಿದ್ದಿಸಿಕೊಂಡ ಕೇಸುಗಳು ಮಾತ್ರ. ಒಬ್ಬ ಪಿಜಿ ವಿದ್ಯಾರ್ಥಿಯ ಕೈಯಿಂದ ಎಷ್ಟು ಕೇಸು, ಯಾವ ಯಾವ ಕೇಸು ಹಾದುಹೋದವು ಎಂಬ ಲೆಕ್ಕ ಬಹಳ ವಿಭಾಗಗಳಲ್ಲಿ ಯಾರ ಬಳಿಯೂ ಸಿದ್ಧವಾಗಿರುವುದಿಲ್ಲ. ಈ ಬರಹ ಆ ಲೆಕ್ಕದ ಬಗ್ಗೆ, ಮತ್ತು ಆ ಲೆಕ್ಕ ನಿಲ್ಲಬೇಕಾದರೆ ದೇಹದಿಂದ ತೆಗೆದ ಭಾಗವನ್ನು ಕಣ್ಣಿಂದ ನೋಡಿ ಕೊಯ್ಯುವ ಗ್ರಾಸಿಂಗ್ ಟೇಬಲ್ಲಿನಿಂದ, ಪಿಜಿ ಮಾಡಿದ ಕೇಸುಗಳನ್ನು ಬರೆದಿಡುವ ಲಾಗ್‌ಬುಕ್‌ವರೆಗೆ ಏನೇನು ಸರಿಯಿರಬೇಕು ಎಂಬುದರ ಬಗ್ಗೆ.

ಮೊದಲು ಯಾರ ಕೆಲಸ ಯಾವುದು ಎಂದು ಬೇಗ ಹೇಳಿಬಿಡುತ್ತೇನೆ. ಇದರಲ್ಲೇ ಗೊಂದಲ ಜಾಸ್ತಿ. ಹಳೆಯ ಭಾರತೀಯ ವೈದ್ಯಕೀಯ ಮಂಡಳಿ (ಎಂಸಿಐ) ಜಾಗಕ್ಕೆ 2020ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ ಬಂತು. ಅದರ ಪೋಸ್ಟ್ ಗ್ರಾಜುಯೇಟ್ ಬೋರ್ಡ್ ಎಂಡಿ ಕೋರ್ಸಿನ ಮಾನದಂಡ, ಪಠ್ಯಕ್ರಮ ರೂಪಿಸುತ್ತದೆ. ಅಸೆಸ್‌ಮೆಂಟ್ ಅಂಡ್ ರೇಟಿಂಗ್ ಬೋರ್ಡ್ ಅರ್ಜಿ ಪರಿಶೀಲಿಸಿ ಅನುಮತಿ ಕೊಡುತ್ತದೆ. ಈಗ ಜಾರಿಯಲ್ಲಿರುವುದು 2023ರ ಪಿಜಿ ನಿಯಮಾವಳಿ, ಜೊತೆಗೆ ಕನಿಷ್ಠ ಅಗತ್ಯಗಳ ಪಟ್ಟಿ. ನಮ್ಮ ರಾಜ್ಯದಲ್ಲಿ ಪರೀಕ್ಷೆ, ಡಿಗ್ರಿ ಎರಡೂ ಹೆಚ್ಚಿನ ಕಾಲೇಜುಗಳಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಅದರ ಸಂಯೋಜನೆಯನ್ನು ಬೇರೆಯಾಗಿ ಪಡೆಯಬೇಕು. ಇನ್ನೊಂದು ದಾರಿ ಡಿಎನ್‌ಬಿ ಎಂಬ ಪಿಜಿ ಪದವಿ. ಅದನ್ನು ನೋಡಿಕೊಳ್ಳುವುದು ನ್ಯಾಷನಲ್ ಬೋರ್ಡ್. ಮೆಡಿಕಲ್ ಕಾಲೇಜು ಇಲ್ಲದ ಆಸ್ಪತ್ರೆಯೂ, ಜಿಲ್ಲಾ ಆಸ್ಪತ್ರೆಯೂ ಅಲ್ಲಿ ಅರ್ಜಿ ಹಾಕಬಹುದು. ಮಾನ್ಯತೆ ಒಂದು ಅವಧಿಗೆ ಸಿಗುತ್ತದೆ, ಆಮೇಲೆ ನವೀಕರಿಸಿಕೊಳ್ಳಬೇಕು. ಇನ್ನು ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಎಂಬುದು ಬೇರೆಯೇ: ಐಎಸ್‌ಒ 15189 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಲ್ಯಾಬು ಕೊಡುವ ಫಲಿತಾಂಶ ನಂಬಿಕೆಗೆ ಅರ್ಹವೇ ಎಂದು ಅದು ನೋಡುತ್ತದೆ. ಅಲ್ಲಿ ಕಲಿಯುವವರಿಗೆ ಏನು ಸಿಗುತ್ತಿದೆ ಎಂಬುದು ಅದರ ಪ್ರಶ್ನೆಯಲ್ಲ. ಎನ್‌ಎಬಿಎಲ್ ಸರ್ಟಿಫಿಕೇಟು ಗೋಡೆಯ ಮೇಲಿದ್ದರೆ ಪಿಜಿ ತರಬೇತಿಯೂ ಚೆನ್ನಾಗಿದೆ ಎಂದು ತಿಳಿಯುವುದು ತಪ್ಪು. ಆದರೆ ಎನ್‌ಎಬಿಎಲ್‌ಗಾಗಿ ಇಟ್ಟ ರಿಜಿಸ್ಟರುಗಳು ಪಿಜಿ ಅಸೆಸ್‌ಮೆಂಟಿನಲ್ಲಿ ಅರ್ಧ ಕೆಲಸ ಮುಗಿಸಿಕೊಡುತ್ತವೆ ಎಂಬುದು ಮಾತ್ರ ನಿಜ.

ಈಗ ಲೆಕ್ಕಕ್ಕೆ ಬರೋಣ. ಒಂದು ಆಸ್ಪತ್ರೆಗೆ ವರ್ಷಕ್ಕೆ 4,000 ಹಿಸ್ಟೋಪೆಥಾಲಜಿ ಸ್ಪೆಸಿಮನ್ (ಮೈಕ್ರೋಸ್ಕೋಪಿನಡಿ ನೋಡಲು ದೇಹದಿಂದ ತೆಗೆದ ಅಂಗ ಅಥವಾ ತುಣುಕು) ಬರುತ್ತವೆ ಎಂದು ಇಟ್ಟುಕೊಳ್ಳಿ. ಇದು ಉದಾಹರಣೆಗೆ ಹಿಡಿದ ಅಂಕಿ, ಯಾವ ಆಸ್ಪತ್ರೆಯದ್ದೂ ಅಲ್ಲ. ವರ್ಷಕ್ಕೆ ನಾಲ್ಕು ಸೀಟು ಇದ್ದರೆ ಯಾವ ಹೊತ್ತಿಗೂ ಮೂರು ಬ್ಯಾಚು ಸೇರಿ ಹನ್ನೆರಡು ಪಿಜಿಗಳು ಇರುತ್ತಾರೆ. ಮೂರು ವರ್ಷದಲ್ಲಿ ಬರುವ 12,000 ಸ್ಪೆಸಿಮನ್ನನ್ನು ಹನ್ನೆರಡು ಜನಕ್ಕೆ ಹಂಚಿದರೆ ಒಬ್ಬರಿಗೆ 1,000. ಗಮನಿಸಿ: ಮೂರು ವರ್ಷ ಎರಡು ಕಡೆಯೂ ಹೊಡೆದು ಹೋಗುತ್ತದೆ. ವರ್ಷದ ಸ್ಪೆಸಿಮನ್ ಸಂಖ್ಯೆಯನ್ನು ವರ್ಷದ ಸೀಟಿನಿಂದ ನೇರವಾಗಿ ಭಾಗಿಸಿದರೆ ಸಾಕು, ಇಡೀ ತರಬೇತಿಯಲ್ಲಿ ಒಬ್ಬರ ಪಾಲು ಎಷ್ಟೆಂದು ಸಿಗುತ್ತದೆ. ಸೀಟು ನಾಲ್ಕರಿಂದ ಎಂಟಕ್ಕೆ ಹೋಯಿತೆನ್ನಿ, ಸ್ಪೆಸಿಮನ್ ಅಷ್ಟೇ ಇದ್ದರೆ ಪಾಲು 500ಕ್ಕೆ ಇಳಿಯುತ್ತದೆ. ಪ್ರೊಫೆಸರುಗಳ ಸಂಖ್ಯೆ ಸಾಕಷ್ಟಿದೆ, ಜಾಗ ಇದೆ, ಯಂತ್ರ ಇದೆ. ಆದರೂ ಕಲಿಕೆ ಅರ್ಧಕ್ಕೆ ಇಳಿದಿರುತ್ತದೆ.

ಅಮೆರಿಕದಲ್ಲಿ ಪಿಜಿ ತರಬೇತಿಗೆ ಮಾನ್ಯತೆ ಕೊಡುವ ಸಂಸ್ಥೆ ಎಸಿಜಿಎಂಇ ಈ ಲೆಕ್ಕವನ್ನು ಕಲಿಯುವವರ ತುದಿಯಿಂದ ಹಿಡಿಯುತ್ತದೆ. ಅಲ್ಲಿ ಅನಾಟಮಿಕ್, ಕ್ಲಿನಿಕಲ್ ಎರಡೂ ಸೇರಿದ ತರಬೇತಿ ನಾಲ್ಕು ವರ್ಷ. ಆ ಅವಧಿಯಲ್ಲಿ ಪ್ರತಿಯೊಬ್ಬರೂ ಕನಿಷ್ಠ 2,000 ಸರ್ಜಿಕಲ್ ಸ್ಪೆಸಿಮನ್, 1,500 ಸೈಟಾಲಜಿ (ಬಿಡಿ ಜೀವಕೋಶಗಳ ಪರೀಕ್ಷೆ) ಕೇಸು, 200 ಆಪರೇಷನ್ ಹೊತ್ತಿನ ಕನ್ಸಲ್ಟೇಷನ್ ನೋಡಿರಬೇಕೆಂದು ಅದು ಕೇಳುತ್ತದೆ. ಶವಪರೀಕ್ಷೆ ಬಹುಕಾಲ 50 ಇತ್ತು, ಆಮೇಲೆ 30ಕ್ಕೆ ಇಳಿಸಿದರು. ನಮ್ಮ ಕನಿಷ್ಠ ಅಗತ್ಯಗಳ ಪಟ್ಟಿ ಮುಖ್ಯವಾಗಿ ಆಸ್ಪತ್ರೆಯನ್ನು, ವಿಭಾಗವನ್ನು ಅಳೆಯುತ್ತದೆ. ನಿಯಮ ಕೇಳಲಿ ಬಿಡಲಿ, ಒಬ್ಬ ಪಿಜಿಯ ಪಾಲಿನ ಲೆಕ್ಕವನ್ನು ವಿಭಾಗವೇ ಪ್ರತಿ ಜನವರಿಯಲ್ಲಿ ಹಾಕಿ ಗೋಡೆಗೆ ಅಂಟಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸೀಟು ಹೆಚ್ಚಿಸುವ ಅರ್ಜಿಗೆ ಸಹಿ ಹಾಕುವ ಮುನ್ನ ಎಚ್‌ಒಡಿ ನೋಡಬೇಕಾದ ಮೊದಲ ಅಂಕಿ ಅದು.

ಒಟ್ಟು ಸಂಖ್ಯೆಯಷ್ಟೇ ಸಾಲದು. ಆ 1,000ದಲ್ಲಿ ಅಪೆಂಡಿಕ್ಸ್, ಪಿತ್ತಕೋಶ, ಗರ್ಭಕೋಶ, ಎಂಡೊಮೆಟ್ರಿಯಂ ತುಣುಕು, ಲೈಪೋಮಾ ತುಂಬಿಕೊಂಡಿದ್ದರೆ ಸ್ತನದ, ಕರುಳಿನ, ಥೈರಾಯ್ಡಿನ, ಬಾಯಿಯ ಕ್ಯಾನ್ಸರ್ ರಿಸೆಕ್ಷನ್‌ಗಳು (ಗೆಡ್ಡೆಯಿರುವ ಭಾಗವನ್ನೇ ಕತ್ತರಿಸಿ ತೆಗೆದವು) ಬೆರಳೆಣಿಕೆಗೆ ಇಳಿಯುತ್ತವೆ. ಮಲೆನಾಡಿನಲ್ಲಿ ಇದು ದೊಡ್ಡ ಪ್ರಶ್ನೆ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಗೆ ಹೊಂದಿಕೊಂಡ ಸರ್ಕಾರಿ ಕಾಲೇಜು ಸಿಮ್ಸ್ ಇದೆ, ಪುರ್ಲೆಯಲ್ಲಿ ಸುಬ್ಬಯ್ಯ ಕಾಲೇಜು ಇದೆ. ಸುತ್ತಲಿನ ತಾಲ್ಲೂಕುಗಳ ಜನ ಬಯಾಪ್ಸಿಗೆ ಶಿವಮೊಗ್ಗಕ್ಕೆ ಬರುತ್ತಾರೆ. ಆದರೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಎಷ್ಟೋ ಮನೆಯವರು ಘಾಟಿ ಇಳಿದು ಮಣಿಪಾಲಕ್ಕೋ, ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿಗೋ ಹೋಗುತ್ತಾರೆ. ಹೀಗಾಗಿ ಈ ಕಡೆಯ ಪಿಜಿಗೆ ಎರಡು ಮಿಲಿಮೀಟರ್ ಬಯಾಪ್ಸಿಯಲ್ಲಿ ಕ್ಯಾನ್ಸರ್ ಗುರುತಿಸುವುದು ಚೆನ್ನಾಗಿ ಬರುತ್ತದೆ, ಅದೇ ಕ್ಯಾನ್ಸರಿನ ಇಡೀ ದವಡೆಯನ್ನು ಎದುರಿಗಿಟ್ಟರೆ ಎಲ್ಲಿಂದ ಕೊಯ್ಯಬೇಕೆಂದು ಕೈ ತಡೆಯುತ್ತದೆ. ಇದಕ್ಕೆ ಪರಿಹಾರ ಹೊರಗಿನ ಪೋಸ್ಟಿಂಗ್. ಕ್ಯಾನ್ಸರ್ ಆಸ್ಪತ್ರೆಯ ಗ್ರಾಸಿಂಗ್ ಕೋಣೆಯಲ್ಲಿ ಒಂದು ತಿಂಗಳು ಕಳೆಯಲೇಬೇಕು. ಆದರೆ ಹೋಗಿಬಂದರೆ ಮುಗಿಯಲಿಲ್ಲ. ಲಿಖಿತ ಒಪ್ಪಂದ, ಅಲ್ಲಿನ ಹಾಜರಿ, ಅಲ್ಲಿ ಮಾಡಿದ ಕೇಸುಗಳ ಪಟ್ಟಿಗೆ ಅಲ್ಲಿನ ಕನ್ಸಲ್ಟೆಂಟರ ಸಹಿ, ಈ ಮೂರೂ ಲಾಗ್‌ಬುಕ್ಕಿಗೆ ಅಂಟಿಕೊಂಡಿರಬೇಕು.

ಅಡಿಕೆಯ ನಾಡಾದ್ದರಿಂದ ಬಾಯಿಯ ಬಯಾಪ್ಸಿಯ ಬಗ್ಗೆ ಎರಡು ಮಾತು. ಅಡಿಕೆಯನ್ನು, ಹೊಗೆಸೊಪ್ಪಿಲ್ಲದ ಎಲೆಯಡಿಕೆಯನ್ನೂ ಸೇರಿಸಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಐಎಆರ್‌ಸಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ನಮ್ಮ ಜನರ ಬದುಕು ಅಡಿಕೆಯ ಮೇಲೇ ನಿಂತಿದೆ ಎಂಬ ಕಾರಣಕ್ಕೆ ಮೈಕ್ರೋಸ್ಕೋಪಿನಡಿ ಕಾಣುವುದನ್ನು ಮೆತ್ತಗೆ ಹೇಳುವಂತಿಲ್ಲ. ಸಬ್‌ಮ್ಯೂಕಸ್ ಫೈಬ್ರೋಸಿಸ್ (ಬಾಯಿಯ ಒಳಪೊರೆ ಗಡುಸಾಗುವುದು), ಡಿಸ್‌ಪ್ಲೇಸಿಯಾದ (ಕ್ಯಾನ್ಸರಿಗೆ ಮುಂಚಿನ ಬದಲಾವಣೆಯ) ದರ್ಜೆ, ಸ್ಕ್ವೇಮಸ್ ಕಾರ್ಸಿನೋಮಾ ಎಂಬ ಕ್ಯಾನ್ಸರ್ ಈ ಮೂರನ್ನು ಇಲ್ಲಿನ ಪಿಜಿ ಬೇರೆಲ್ಲರಿಗಿಂತ ಚೆನ್ನಾಗಿ ತಿಳಿದಿರಬೇಕು. ರಿಸೆಕ್ಷನ್ ಬಂದರೆ ಗೆಡ್ಡೆಯ ಉದ್ದಗಲದ ಜೊತೆ ಆಳವನ್ನೂ, ಅಂದರೆ ಡೆಪ್ತ್ ಆಫ್ ಇನ್ವೇಷನ್ನನ್ನೂ ಮಿಲಿಮೀಟರಿನಲ್ಲಿ ಅಳೆಯಬೇಕು. ಕ್ಯಾನ್ಸರಿನ ಹಂತ ನಿಗದಿಪಡಿಸುವ ಅಮೆರಿಕದ ಎಜೆಸಿಸಿ ಕೈಪಿಡಿಯ ಎಂಟನೇ ಆವೃತ್ತಿಯಿಂದ 5 ಮತ್ತು 10 ಮಿ.ಮೀ. ಗಡಿಗಳು ಹಂತವನ್ನೇ ಬದಲಿಸುತ್ತವೆ. ಅಳೆಯುವುದು ಹುಣ್ಣಿನ ತಳದಿಂದಲ್ಲ, ಉಬ್ಬಿದ ಗೆಡ್ಡೆಯ ತುದಿಯಿಂದಲೂ ಅಲ್ಲ. ಪಕ್ಕದ ಆರೋಗ್ಯವಂತ ಮ್ಯೂಕೋಸಾದ (ಒಳಪೊರೆಯ) ಬೇಸ್‌ಮೆಂಟ್ ಮೆಂಬ್ರೇನ್ ಮಟ್ಟದಲ್ಲಿ ಗೆರೆ ಎಳೆದು, ಅಲ್ಲಿಂದ ಕೆಳಕ್ಕೆ. ಗ್ರಾಸಿಂಗ್ ಮಾಡುವಾಗ ಗೆಡ್ಡೆಯ ಜೊತೆ ಪಕ್ಕದ ಒಳ್ಳೆಯ ಭಾಗವೂ ಒಂದೇ ಬ್ಲಾಕಿನಲ್ಲಿ (ತುಣುಕನ್ನು ಮೇಣದಲ್ಲಿ ಕೂರಿಸಿದ ಗಟ್ಟಿಯಲ್ಲಿ) ಬರುವಂತೆ ಕೊಯ್ಯದಿದ್ದರೆ ಸ್ಲೈಡಿನಲ್ಲಿ ಆ ಗೆರೆ ಎಳೆಯಲು ಜಾಗವೇ ಇರುವುದಿಲ್ಲ. ಇಂಥದ್ದನ್ನು ಓದಿ ಕಲಿಯಲಾಗುವುದಿಲ್ಲ, ಮೇಲಿನವರು ಪಕ್ಕದಲ್ಲಿ ನಿಂತು ಕೊಯ್ಯಿಸಬೇಕು.

ಅಸೆಸ್ಸರ್ ಬಂದಾಗ ಬಹಳ ಕಾಲೇಜುಗಳು ಹತ್ತು ಜನ ಒಟ್ಟಿಗೆ ನೋಡಬಹುದಾದ ಹತ್ತು ಹೆಡ್ಡಿನ ಮೈಕ್ರೋಸ್ಕೋಪನ್ನು ಮೊದಲು ತೋರಿಸುತ್ತವೆ. ಮೊದಲು ತೋರಿಸಬೇಕಾದ್ದು ಗ್ರಾಸಿಂಗ್ ಕೋಣೆ. ತರಬೇತಿ ಶುರುವಾಗುವುದು ಅಲ್ಲಿ, ಹಾಳಾಗುವುದೂ ಅಲ್ಲೇ. ಗಾಳಿಯನ್ನು ಕೆಳಕ್ಕೆ ಎಳೆಯುವ ಟೇಬಲ್ಲು, ನೀರು, ಬೆಳಕು, ತಕ್ಕಡಿ, ಸ್ಕೇಲು, ಬಣ್ಣ ಹಚ್ಚುವ ಇಂಕು, ಕ್ಯಾಮೆರಾ ಇಷ್ಟು ಇರಲೇಬೇಕು. ಸ್ಪೆಸಿಮನ್ ಕೆಡದಂತೆ ಇಡುವ ಫಾರ್ಮಾಲಿನ್ನಿನ ಆವಿಯ ಮಿತಿಯನ್ನು ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾ ಎಂಟು ಗಂಟೆಯ ಸರಾಸರಿಗೆ 0.75 ಪಿಪಿಎಂ, ಹದಿನೈದು ನಿಮಿಷಕ್ಕೆ 2 ಪಿಪಿಎಂ ಎಂದು ಇಟ್ಟಿದೆ. ಕೋಣೆಗೆ ಕಾಲಿಟ್ಟೊಡನೆ ಕಣ್ಣುರಿ ಬಂದರೆ ಎಕ್ಸಾಸ್ಟ್ ಕೆಲಸ ಮಾಡುತ್ತಿಲ್ಲ ಎಂದೇ ತಿಳಿಯಿರಿ. ಕಣ್ಣುರಿಯುವ ಕೋಣೆಯಲ್ಲಿ ಯಾವ ಪಿಜಿಯೂ ನಿಧಾನವಾಗಿ ನಿಂತು ಕರುಳಿನ ಕೊಬ್ಬಿನಲ್ಲಿ ಹನ್ನೆರಡು ಲಿಂಫ್ ನೋಡ್ ಹುಡುಕುವುದಿಲ್ಲ. ಹನ್ನೆರಡಕ್ಕಿಂತ ಕಡಿಮೆ ಸಿಕ್ಕ ಕೊಲೊರೆಕ್ಟಲ್ ಕೇಸುಗಳು ಹೆಚ್ಚಾಗಿದ್ದರೆ ಪಿಜಿಯನ್ನು ಬೈಯುವ ಮೊದಲು ಎಕ್ಸಾಸ್ಟ್ ಫ್ಯಾನನ್ನು ನೋಡಿ.

ಫಾರ್ಮಾಲಿನ್ ವಿಷಯದಲ್ಲಿ ಜಿಪುಣತನ ಬೇಡ. ಹತ್ತು ಪರ್ಸೆಂಟ್ ಬಫರ್ಡ್ ಫಾರ್ಮಾಲಿನ್ ಒಂದು ಲೀಟರಿಗೆ: ಅಂಗಡಿಯಲ್ಲಿ ಸಿಗುವ 37–40% ಫಾರ್ಮಾಲ್ಡಿಹೈಡ್ 100 ಮಿ.ಲೀ., ಡಿಸ್ಟಿಲ್ಡ್ ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮೊನೊಹೈಡ್ರೇಟ್ 4 ಗ್ರಾಂ, ಅನ್‌ಹೈಡ್ರಸ್ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಪಿಎಚ್ ಏಳರ ಆಸುಪಾಸು ಇದೆಯೇ ಎಂದು ಪ್ರತಿ ಬ್ಯಾಚಿಗೂ ನೋಡಿ ಬರೆದಿಡಬೇಕು. ಈ ಫಾಸ್ಫೇಟ್ ಉಪ್ಪುಗಳನ್ನು ಉಳಿಸಲು ಹೋಗಿ ಬರೀ ನೀರು ಬೆರೆಸಿದರೆ ಫಾರ್ಮಿಕ್ ಆಮ್ಲ ಸೇರಿ ರಕ್ತ ತುಂಬಿದ ಜಾಗದಲ್ಲೆಲ್ಲ ಕಂದು-ಕಪ್ಪು ಪಿಗ್ಮೆಂಟ್ ಕೂರುತ್ತದೆ. ಕಲಿಯುವವರು ಅದನ್ನು ಮಲೇರಿಯಾ ಪಿಗ್ಮೆಂಟ್ ಎಂದು ತಿಳಿದರೆ ಆಶ್ಚರ್ಯವಿಲ್ಲ. ಸ್ಪೆಸಿಮನ್ನಿನ ಹತ್ತರಿಂದ ಇಪ್ಪತ್ತು ಪಟ್ಟು ದ್ರವ ಇರಬೇಕು.

ತಾಲ್ಲೂಕುಗಳಿಂದ ಬರುವ ಸ್ಪೆಸಿಮನ್ ಇಲ್ಲಿನ ದೊಡ್ಡ ತಲೆನೋವು. ಹೊಸನಗರದಿಂದಲೋ ಸೊರಬದಿಂದಲೋ ಗರ್ಭಕೋಶವನ್ನು ಬಾಯಿ ಸಣ್ಣದಿರುವ ಬಾಟಲಿಗೆ ತುರುಕಿ, ರೋಗಿಯ ಕಡೆಯವರ ಕೈಗೆ ಕೊಟ್ಟು ಬಸ್ಸು ಹತ್ತಿಸುತ್ತಾರೆ. ಮೆತ್ತಗೆ ಒಳಹೋದದ್ದು ಗಟ್ಟಿಯಾಗಿ ಹೊರಬರುವುದಿಲ್ಲ, ಬಾಟಲಿಯನ್ನೇ ಕತ್ತರಿಸಬೇಕಾಗುತ್ತದೆ. ಕೆಲವೊಮ್ಮೆ ಸಲೈನಿನಲ್ಲಿ ಹಾಕಿರುತ್ತಾರೆ, ಸಣ್ಣ ಬಯಾಪ್ಸಿಯನ್ನು ಒಣ ಗಾಜ್ ಮೇಲೆ ಇಟ್ಟಿರುತ್ತಾರೆ. ಶಿವಮೊಗ್ಗ ಮುಟ್ಟುವ ಹೊತ್ತಿಗೆ ಅದು ಸತ್ತ ಚರ್ಮ. ಇದಕ್ಕೆ ವಿಭಾಗವೇ ಮುಂದಾಗಿ ಅಗಲ ಬಾಯಿಯ ಜಾಡಿಗಳಿಗೆ ಬಫರ್ಡ್ ಫಾರ್ಮಾಲಿನ್ ತುಂಬಿ ತಾಲ್ಲೂಕು ಆಸ್ಪತ್ರೆಗಳಿಗೆ ಕಳಿಸಬೇಕು. ಲೇಬಲ್ ಮುಚ್ಚಳದ ಮೇಲಲ್ಲ, ಜಾಡಿಯ ಮೈಮೇಲೆ: ಹೆಸರು, ನಂಬರು, ಅಂಗ, ಎಡವೋ ಬಲವೋ, ಫಾರ್ಮಾಲಿನ್ನಿಗೆ ಹಾಕಿದ ಗಂಟೆ. ತಿರಸ್ಕರಿಸಿದ ಸ್ಪೆಸಿಮನ್ನುಗಳ ರಿಜಿಸ್ಟರು ಬೇರೆ ಇರಲಿ; ಕಾರಣ, ಯಾರಿಗೆ ಫೋನ್ ಮಾಡಿದ್ದು, ಆಮೇಲೆ ಏನಾಯಿತು ಎಲ್ಲ ಬರೆಯಿರಿ. ಈ ರಿಜಿಸ್ಟರ್ ಖಾಲಿ ಇರುವ ವಿಭಾಗವನ್ನು ಅನುಭವಿ ಅಸೆಸ್ಸರ್ ನಂಬುವುದಿಲ್ಲ, ನಂಬಬಾರದು ಕೂಡ.

ಸ್ತನದ ಸ್ಪೆಸಿಮನ್ನಿಗೆ ಗಡಿಯಾರವೇ ನಿಯಮ. ದೇಹದಿಂದ ತೆಗೆದ ಒಂದು ಗಂಟೆಯೊಳಗೆ ಫಾರ್ಮಾಲಿನ್ನಿಗೆ ಬೀಳಬೇಕು, ಫಿಕ್ಸೇಷನ್ (ಫಾರ್ಮಾಲಿನ್ನಿನಲ್ಲಿ ನೆನೆಯುವುದು) ಆರು ಗಂಟೆಗಿಂತ ಕಡಿಮೆಯಾಗಬಾರದು, 72 ಗಂಟೆ ದಾಟಬಾರದು. ಇಲ್ಲದಿದ್ದರೆ ಔಷಧಿ ಆರಿಸಲು ನೋಡುವ ಇಆರ್, ಪಿಆರ್, ಹರ್-2 ಪರೀಕ್ಷೆಗಳ ಫಲಿತಾಂಶ ನಂಬುವಂತಿಲ್ಲ. ಫಾರ್ಮಾಲಿನ್ ಒಳಗಿಳಿಯುವುದು ಗಂಟೆಗೆ ಹೆಚ್ಚೆಂದರೆ ಒಂದು ಮಿಲಿಮೀಟರ್. ಶನಿವಾರ ಸಂಜೆ ಬಂದ ಮ್ಯಾಸ್ಟೆಕ್ಟಮಿಯನ್ನು (ತೆಗೆದ ಇಡೀ ಸ್ತನವನ್ನು) ಹಾಗೇ ಮುಳುಗಿಸಿ ಸೋಮವಾರ ಬೆಳಿಗ್ಗೆ ಕೊಯ್ದರೆ ಹೊರಗೆ ಬೆಂದಿರುತ್ತದೆ, ಗೆಡ್ಡೆ ಇರುವ ನಡುವೆ ಕೊಳೆತಿರುತ್ತದೆ. ಡ್ಯೂಟಿ ಪಿಜಿ ಅಂದೇ ಸಂಜೆ ಬಂದು ಅಂಚಿಗೆ ಇಂಕು ಹಚ್ಚಿ ಒಂದು ಸೆಂಟಿಮೀಟರಿಗೆ ಒಂದರಂತೆ ಸೀಳಿ, ನಡುವೆ ಗಾಜ್ ಇಟ್ಟು ಫಾರ್ಮಾಲಿನ್ನಿಗೆ ಹಾಕಬೇಕು. ರಜೆಯ ದಿನದ ಗ್ರಾಸಿಂಗ್ ಡ್ಯೂಟಿ ಪಟ್ಟಿ ಇದೆಯೇ ಎಂದು ಅಸೆಸ್ಸರ್ ಕೇಳಿದರೆ ಅದು ಕಾಗದದ ಪ್ರಶ್ನೆಯಲ್ಲ, ರೋಗಿಗೆ ಸರಿಯಾದ ಔಷಧಿ ಸಿಗುತ್ತದೆಯೇ ಎಂಬ ಪ್ರಶ್ನೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಲ್ಯಾಬಿಗೆ ಬೇರೆಯೇ ನಿಯಮಗಳು ಬೇಕು. ಗಾಳಿಯಲ್ಲಿ ತೇವ ತುಂಬಿರುವಾಗ ಅಬ್ಸಲ್ಯೂಟ್ ಆಲ್ಕೋಹಾಲ್ ಜಾಡಿಯ ಮುಚ್ಚಳ ಸಡಿಲವಿದ್ದರೆ ಅದು ನೀರು ಹೀರುತ್ತದೆ, ಟಿಶ್ಯೂವಿನ ನೀರು ಪೂರ್ತಿ ಹೋಗುವುದಿಲ್ಲ, ಕ್ಸೈಲೀನ್ ಹಾಲಿನಂತೆ ಬೆಳ್ಳಗಾಗುತ್ತದೆ, ತೆಳ್ಳಗೆ ಹೆರೆಯುವ ಯಂತ್ರ ಮೈಕ್ರೋಟೋಮಿನಲ್ಲಿ ಬ್ಲಾಕು ಪುಡಿಯಾಗುತ್ತದೆ. ಕೊನೆಯ ಆಲ್ಕೋಹಾಲಿನ ತಳದಲ್ಲಿ ಅನ್‌ಹೈಡ್ರಸ್ ಕಾಪರ್ ಸಲ್ಫೇಟ್ ಹಾಕಿ ಮೇಲೆ ಫಿಲ್ಟರ್ ಪೇಪರ್ ಮುಚ್ಚಿಡುವುದು ಹಳೆಯ ಉಪಾಯ, ಈಗಲೂ ಕೆಲಸ ಮಾಡುತ್ತದೆ. ಬಿಳಿ ಪುಡಿ ನೀಲಿಯಾಯಿತೆಂದರೆ ಆಲ್ಕೋಹಾಲ್ ಬದಲಿಸಬೇಕು. ಮಳೆಗಾಲದಲ್ಲಿ ರಾತ್ರಿ ಕರೆಂಟು ಹೋಗುವುದು ಮಾಮೂಲು. ಟಿಶ್ಯೂ ಪ್ರೊಸೆಸರಿಗೆ ಯುಪಿಎಸ್ ಮಾತ್ರವಲ್ಲ, ಜನರೇಟರ್ ಲೈನೂ ಬೇಕು. ಬುಟ್ಟಿ ಒಂದು ಜಾಡಿಯಿಂದ ಇನ್ನೊಂದಕ್ಕೆ ಹೋಗುವ ನಡುವೆ ಗಾಳಿಯಲ್ಲಿ ನಿಂತುಬಿಟ್ಟರೆ ಬೆಳಗಾಗುವಷ್ಟರಲ್ಲಿ ಆ ದಿನದ ಎಲ್ಲ ಬಯಾಪ್ಸಿ ಒಣಗಿ ಹೋಗಿರುತ್ತವೆ, ಅವನ್ನು ಮತ್ತೆ ತೆಗೆಯಲು ರೋಗಿಯನ್ನೇ ಕರೆಯಬೇಕಾಗುತ್ತದೆ.

ಮೈಕ್ರೋಸ್ಕೋಪ್ ಲೆನ್ಸಿಗೆ ಹಿಡಿಯುವ ಫಂಗಸ್ಸು ಇನ್ನೊಂದು. ಬಟ್ಟೆಯ ಹೊದಿಕೆ ಸಾಲದು, ಅದೇ ತೇವ ಹಿಡಿದಿಡುತ್ತದೆ. ಬಾಗಿಲು ಬಿಗಿಯಾಗಿ ಕೂರುವ ಕಪಾಟು, ಒಳಗೆ ಸಿಲಿಕಾ ಜೆಲ್, ಒಂದು ಹೈಗ್ರೋಮೀಟರ್. ತೇವ 60% ದಾಟದಿದ್ದರೆ ಲೆನ್ಸು ಉಳಿಯುತ್ತದೆ. ಸ್ಲೈಡು, ಬ್ಲಾಕು ಇಡುವ ಕೋಣೆಗೂ ಡಿಹ್ಯೂಮಿಡಿಫೈಯರ್ ಬೇಕು. ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟ ಬ್ಲಾಕುಗಳ ನಂಬರು ಎರಡು ಮಳೆಗಾಲದಲ್ಲಿ ಅಳಿಸಿಹೋಗುತ್ತದೆ. ಮ್ಯೂಸಿಯಂ ಜಾಡಿಯ ಗ್ಲಿಸರಿನ್ ದ್ರವಕ್ಕೆ ಒಂದೆರಡು ಥೈಮಾಲ್ ಹರಳು ಹಾಕಿದರೆ ಬೂಸ್ಟು ಬರುವುದು ಕಡಿಮೆಯಾಗುತ್ತದೆ. ನೀರಿನ ಬಗ್ಗೆಯೂ ಹೇಳಬೇಕು. ಗಂಗಾ ಸ್ನಾನ, ತುಂಗಾ ಪಾನ ಎನ್ನುತ್ತಾರೆ. ಆದರೆ ಕುಡಿಯಲು ಹಿತವಾದ ಆ ಮೃದು ನೀರಿನಲ್ಲಿ, ನ್ಯೂಕ್ಲಿಯಸ್ಸಿಗೆ ಹಿಡಿಯುವ ಬಣ್ಣ ಹೆಮಟಾಕ್ಸಿಲಿನ್ ನೀಲಿಗೆ ತಿರುಗುವುದು ನಿಧಾನ. ನಲ್ಲಿ ನೀರಿನಡಿ ಹತ್ತು ನಿಮಿಷ ಇಟ್ಟರೂ ನ್ಯೂಕ್ಲಿಯಸ್ಸು ಕೆಂಪು-ನೇರಳೆ ಬಣ್ಣದಲ್ಲೇ ಉಳಿದರೆ ಟೆಕ್ನೀಷಿಯನ್ನನ್ನು ದೂರಬೇಡಿ. ಲೀಟರ್ ನೀರಿಗೆ ಸೋಡಿಯಂ ಬೈಕಾರ್ಬನೇಟ್ 3.5 ಗ್ರಾಂ, ಮೆಗ್ನೀಷಿಯಂ ಸಲ್ಫೇಟ್ 20 ಗ್ರಾಂ ಹಾಕಿ ಸ್ಕಾಟ್ಸ್ ದ್ರಾವಣ ಮಾಡಿಟ್ಟುಕೊಳ್ಳಿ. ಒಂದೆರಡು ನಿಮಿಷದ ಕೆಲಸ.

ಹಿಮಟಾಲಜಿ (ರಕ್ತ ಪರೀಕ್ಷೆಯ) ಪೋಸ್ಟಿಂಗಿಗೆ ಈ ಸೀಮೆಯದೇ ಒಂದು ಪಾಠವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇವತ್ತಿಗೂ ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ ಜನರನ್ನು ಕಾಡುತ್ತದೆ. ಖಚಿತ ಪಡಿಸುವುದು ವೈರಾಣು ಪ್ರಯೋಗಾಲಯದ ಆರ್‌ಟಿ-ಪಿಸಿಆರ್, ಪೆಥಾಲಜಿಯವರಲ್ಲ. ಆದರೆ ಜ್ವರದವನ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿದಿವೆ ಎಂದು ಮೊದಲು ಕಾಣುವುದು ಸಿಬಿಸಿಯಲ್ಲಿ, ಅಂದರೆ ರಕ್ತಕಣಗಳ ಎಣಿಕೆಯಲ್ಲಿ. ಡೆಂಗಿಯಲ್ಲೂ ಹಾಗೇ. ಅದಕ್ಕೇ ಪ್ಲೇಟ್‌ಲೆಟ್ ಕಡಿಮೆ ಎಂದು ಯಂತ್ರ ಹೇಳಿದ ಪ್ರತಿ ಸ್ಯಾಂಪಲ್ಲಿಗೂ ಪಿಜಿ ಸ್ಮಿಯರ್ (ಸ್ಲೈಡಿನ ಮೇಲೆ ಹರಡಿದ ರಕ್ತ) ನೋಡಲೇಬೇಕು. ಇಡಿಟಿಎ ಟ್ಯೂಬಿನಲ್ಲಿ ಪ್ಲೇಟ್‌ಲೆಟ್‌ಗಳು ಗುಂಪು ಕಟ್ಟಿದ್ದರೆ ಯಂತ್ರ ಸುಳ್ಳು ಹೇಳುತ್ತದೆ. ಆಗ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆದು, ಬಂದ ಅಂಕಿಯನ್ನು 1.1ರಿಂದ ಗುಣಿಸಬೇಕು. ಜ್ವರದ ಸೀಸನ್ನಿನಲ್ಲಿ ಹೀಗೆ ನೋಡಿದ ಸ್ಮಿಯರುಗಳೂ ಲಾಗ್‌ಬುಕ್ಕಿಗೆ ಸೇರಲಿ. ಪೆಥಾಲಜಿ ಎಂದರೆ ಬಯಾಪ್ಸಿ ಮಾತ್ರ ಎಂದುಕೊಂಡು ಹಿಮಟಾಲಜಿ ತಿಂಗಳುಗಳನ್ನು ವಿಶ್ರಾಂತಿಯಂತೆ ಕಳೆಯುವುದನ್ನು ತಡೆಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

36 ತಿಂಗಳನ್ನು ಹಂಚುವ ಬಗೆ ವಿಭಾಗದಿಂದ ವಿಭಾಗಕ್ಕೆ ಬೇರೆಯಾಗುತ್ತದೆ. ನಾನು ಸರಿ ಎಂದುಕೊಳ್ಳುವ ಹಂಚಿಕೆ ಇದು: ಹಿಸ್ಟೋಪೆಥಾಲಜಿ ಮತ್ತು ಶವಪರೀಕ್ಷೆಗೆ 16, ಸೈಟಾಲಜಿಗೆ 6, ಹಿಮಟಾಲಜಿ ಹಾಗೂ ಕ್ಲಿನಿಕಲ್ ಪೆಥಾಲಜಿಗೆ 7, ರಕ್ತ ಕೇಂದ್ರಕ್ಕೆ 2, ಇಮ್ಯುನೊಹಿಸ್ಟೊಕೆಮಿಸ್ಟ್ರಿ ಮತ್ತು ಹೊರಗಿನ ಪೋಸ್ಟಿಂಗಿಗೆ 2, ಜಿಲ್ಲಾ ರೆಸಿಡೆನ್ಸಿಗೆ 3. ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಈ ಜಿಲ್ಲಾ ರೆಸಿಡೆನ್ಸಿ ಮೂರು, ನಾಲ್ಕು ಅಥವಾ ಐದನೇ ಸೆಮಿಸ್ಟರಿನಲ್ಲಿ ಬರುತ್ತದೆ. ಮೂರೂ ಬ್ಯಾಚಿನ ಪಟ್ಟಿಯನ್ನು ಒಟ್ಟಿಗೆ ಹಾಕಿಕೊಳ್ಳದಿದ್ದರೆ ಒಂದೇ ಹೊತ್ತಿಗೆ ಅರ್ಧ ವಿಭಾಗ ಖಾಲಿಯಾಗುತ್ತದೆ. ಹಿಸ್ಟೋಪೆಥಾಲಜಿಯ ಹದಿನಾರು ತಿಂಗಳನ್ನು ಒಂದೇ ಬಾರಿ ಕೊಡಬಾರದು. ಮೊದಲ ವರ್ಷ ಗ್ರಾಸಿಂಗ್ ಹೆಚ್ಚು, ಕೊನೆಯ ವರ್ಷ ಸೈನ್-ಔಟ್ (ಸ್ಲೈಡು ನೋಡಿ ರಿಪೋರ್ಟು ಅಂತಿಮಗೊಳಿಸುವುದು) ಹೆಚ್ಚು.

ಶವಪರೀಕ್ಷೆ ಎಲ್ಲ ಕಡೆಯೂ ಬಡವಾಗಿದೆ. ಪೊಲೀಸ್ ಕೇಸುಗಳು ಫೊರೆನ್ಸಿಕ್ ವಿಭಾಗಕ್ಕೆ ಹೋಗುತ್ತವೆ, ರೋಗದಿಂದ ಸತ್ತವರ ಶವಪರೀಕ್ಷೆಗೆ ಮನೆಯವರು ಒಪ್ಪುವುದು ಅಪರೂಪ. ಜಿಲ್ಲಾ ಮಟ್ಟದ ಆಸ್ಪತ್ರೆಗೆ ಎರಡು ದಾರಿಗಳು ತೆರೆದಿವೆ. ಒಂದು, ಹೆರಿಗೆ ವಾರ್ಡಿನ ಜೊತೆ ಮಾತಾಡಿಕೊಂಡು ಭ್ರೂಣದ ಶವಪರೀಕ್ಷೆ ನಡೆಸುವುದು. ತಾಯಿ ತಂದೆಯ ಲಿಖಿತ ಒಪ್ಪಿಗೆ, ಕನ್ನಡದಲ್ಲೇ ಬರೆದ ಒಪ್ಪಿಗೆ ಪತ್ರ, ಸಮಾಧಾನದಿಂದ ವಿವರಿಸುವ ಒಬ್ಬ ಹಿರಿಯರು ಇಷ್ಟಿದ್ದರೆ ಬಹಳ ಮಂದಿ ಒಪ್ಪುತ್ತಾರೆ. ಮುಂದಿನ ಬಸಿರಿಗೆ ಇದರಿಂದ ಏನು ತಿಳಿಯುತ್ತದೆ ಎಂಬುದೇ ಅವರಿಗೂ ಬೇಕಾದ ಉತ್ತರ. ಪ್ಲಸೆಂಟಾ ಜೊತೆಗೇ ಬರಬೇಕು, ಅದಿಲ್ಲದ ಭ್ರೂಣದ ಶವಪರೀಕ್ಷೆ ಅರ್ಧವೇ. ಎರಡು, ಫೊರೆನ್ಸಿಕ್‌ನವರು ಕಳಿಸುವ ಅಂಗಗಳ ಹಿಸ್ಟೋಪೆಥಾಲಜಿ. ಇಲ್ಲಿ ಪದೇ ಪದೇ ಆಗುವ ತಪ್ಪು, ವಿಷ ಪರೀಕ್ಷೆಗೆ ಹೋಗಬೇಕಾದ ಉಪ್ಪಿನ ದ್ರಾವಣದ ಜಾಡಿ ಪೆಥಾಲಜಿಗೆ ಬರುವುದು. ಉಪ್ಪಿನಲ್ಲಿ ಇಟ್ಟ ಹೃದಯದಲ್ಲಿ ಏನೂ ಓದಲಾಗುವುದಿಲ್ಲ. ಸ್ಪೆಸಿಮನ್ ತೆಗೆದುಕೊಳ್ಳುವ ಕೌಂಟರಿನಲ್ಲೇ ಮುಚ್ಚಳ ತೆಗೆದು ಫಾರ್ಮಾಲಿನ್ ಹೌದೋ ಅಲ್ಲವೋ ನೋಡಿ, ಅಲ್ಲದಿದ್ದರೆ ಅಲ್ಲೇ ವಾಪಸ್ ಕಳಿಸಬೇಕು.

ಲಾಗ್‌ಬುಕ್ಕಿನಲ್ಲಿ ತಪ್ಪುವುದು ಯಾವಾಗಲೂ ಒಂದೇ ರೀತಿ: ಕೊನೆಯ ವರ್ಷ ಕೂತು ಹಳೆಯ ರಿಜಿಸ್ಟರ್ ನೋಡಿ ತುಂಬುವುದು, ಗೈಡ್ ಒಂದೇ ಪೆನ್ನಿನಲ್ಲಿ ನೂರು ಸಹಿ ಹಾಕುವುದು. ಇ-ಲಾಗ್‌ಬುಕ್ ಬಂದ ಮೇಲೆ ಎಂಟ್ರಿ ಮಾಡಿದ ದಿನವೂ ದಾಖಲಾಗುವುದರಿಂದ ಇದು ತಕ್ಷಣ ಕಣ್ಣಿಗೆ ಬೀಳುತ್ತದೆ. ಪ್ರತಿ ಕೇಸಿಗೂ ತಾರೀಖು, ಕೇಸ್ ನಂಬರು, ಅಂಗ, ಪಿಜಿಯ ಪಾತ್ರ (ನೋಡಿದ್ದು, ಸಹಾಯ ಮಾಡಿದ್ದು, ಮೇಲಿನವರ ಎದುರು ಮಾಡಿದ್ದು, ತಾನೇ ಮಾಡಿದ್ದು) ಇರಬೇಕು. ಇವಕ್ಕಿಂತ ಮುಖ್ಯ ಇನ್ನೆರಡು ಕಾಲಂ: ಸೈನ್-ಔಟಿಗೆ ಮೊದಲು ಪಿಜಿ ಬರೆದ ಡಯಾಗ್ನೋಸಿಸ್, ಮತ್ತು ಕೊನೆಗೆ ಹೊರಟ ಡಯಾಗ್ನೋಸಿಸ್. ಇವೆರಡರ ನಡುವಿನ ಅಂತರ ಆರು ತಿಂಗಳಿಗೊಮ್ಮೆ ಎಷ್ಟು ಕಡಿಮೆಯಾಗುತ್ತಿದೆ ಎಂದು ನೋಡಿದರೆ ಆ ವಿಭಾಗ ಕಲಿಸುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ತಪ್ಪು ಬರೆದದ್ದಕ್ಕೆ ಯಾರೂ ಬೈಯದ ವಾತಾವರಣ ಇದ್ದರೆ ಮಾತ್ರ ಪಿಜಿ ಈ ಕಾಲಂ ಪ್ರಾಮಾಣಿಕವಾಗಿ ತುಂಬುತ್ತಾರೆ. ಬೈದರೆ ಎರಡೂ ಕಾಲಂ ಮರುದಿನದಿಂದಲೇ ಒಂದೇ ಆಗಿಬಿಡುತ್ತವೆ.

ಅಸೆಸ್‌ಮೆಂಟಿನ ದಿನಕ್ಕೆ ತಯಾರಿ ಎಂದು ಬೇರೆ ಮಾಡಬೇಕಾಗಿಲ್ಲ, ತಿಂಗಳಿಗೊಮ್ಮೆ ಒಂದು ಕೆಲಸ ಮಾಡಿದರೆ ಸಾಕು. ರಿಜಿಸ್ಟರಿನಿಂದ ಕಣ್ಣುಮುಚ್ಚಿ ಐದು ನಂಬರು ಆರಿಸಿ. ಪ್ರತಿಯೊಂದಕ್ಕೂ ರಿಕ್ವಿಸಿಷನ್ ಫಾರಂ, ಗ್ರಾಸ್ ವಿವರ, ಬ್ಲಾಕು, ಸ್ಲೈಡು, ಸಹಿಯಾದ ರಿಪೋರ್ಟು, ಯಾರಾದರೊಬ್ಬ ಪಿಜಿಯ ಲಾಗ್‌ಬುಕ್ ಎಂಟ್ರಿ, ಇಷ್ಟನ್ನೂ ಅರ್ಧ ಗಂಟೆಯಲ್ಲಿ ಟೇಬಲ್ಲಿನ ಮೇಲೆ ತನ್ನಿ. ಸಿಗದಿದ್ದರೆ ಎಲ್ಲಿ ತಪ್ಪಿತು ಎಂದು ಹುಡುಕಿ. ಸಾಮಾನ್ಯವಾಗಿ ಸಿಗದೆ ಹೋಗುವುದು, ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿಗೋ ಮಣಿಪಾಲಕ್ಕೋ ಹೋದ ಸ್ಲೈಡು. ಅದಕ್ಕೆ ಕಡ ಕೊಟ್ಟ ರಿಜಿಸ್ಟರು ಬೇಕು, ಕೊಡುವ ಮೊದಲು ಒಂದು ರಿಕಟ್ (ಅದೇ ಬ್ಲಾಕಿನಿಂದ ಇನ್ನೊಂದು ಸ್ಲೈಡು) ಮಾಡಿ ಇಟ್ಟುಕೊಳ್ಳಬೇಕು, ಬ್ಲಾಕು ಕೊಡಲೇಬೇಕಾಗಿ ಬಂದರೆ ಎಷ್ಟು ಬ್ಲಾಕಿನಲ್ಲಿ ಯಾವುದು ಹೋಯಿತು ಎಂದು ಬರೆದು ಸಹಿ ತೆಗೆದುಕೊಳ್ಳಬೇಕು. ಎರಡನೆಯದು, ಆಸ್ಪತ್ರೆಯ ಸಾಫ್ಟ್‌ವೇರಿನ ತಿಂಗಳ ಒಟ್ಟು ಮೊತ್ತಕ್ಕೂ ವಿಭಾಗದ ರಿಜಿಸ್ಟರಿಗೂ ತಾಳೆಯಾಗದಿರುವುದು. ಒಬ್ಬರು ಕೇಸು ಎಣಿಸಿರುತ್ತಾರೆ, ಇನ್ನೊಬ್ಬರು ಬ್ಲಾಕು. ಯಾವುದನ್ನು ಎಣಿಸುತ್ತೀರಿ ಎಂದು ಒಮ್ಮೆ ತೀರ್ಮಾನಿಸಿ ಬರೆದಿಡಿ.

ಹಾಜರಿಯೂ ಈಗ ಆಧಾರ್ ಮೂಲಕ ದಾಖಲಾಗುವುದರಿಂದ ಪರಿಶೀಲನೆಯ ದಿನಕ್ಕೆಂದು ಜನ ಕೂಡಿಸುವ ಕಾಲ ಮುಗಿದಿದೆ. ನ್ಯೂನತೆಯ ಪತ್ರ ಬಂದರೆ ಪ್ರತಿ ಅಂಶಕ್ಕೂ ಪ್ರತ್ಯೇಕ ಉತ್ತರ, ಪ್ರತಿ ಉತ್ತರಕ್ಕೂ ಒಂದು ದಾಖಲೆ. ‘ಸರಿಪಡಿಸಲಾಗುವುದು’ ಎಂದು ಬರೆಯುವ ಬದಲು ಖರೀದಿ ಆದೇಶದ ಪ್ರತಿ, ಯಂತ್ರದ ಇನ್‌ಸ್ಟಾಲೇಷನ್ ರಿಪೋರ್ಟು, ನೇಮಕಾತಿ ಪತ್ರ ಲಗತ್ತಿಸಿ.

ಹೊಸ ಕೋರ್ಸಾದರೆ ಮೊದಲ ಬ್ಯಾಚಿನ ಪರೀಕ್ಷೆಯ ಹೊತ್ತಿಗೆ ಮಾನ್ಯತೆಯ ಇನ್ನೊಂದು ಸುತ್ತು ಇರುತ್ತದೆ, ಆಗ ಪರೀಕ್ಷೆ ಹೇಗೆ ನಡೆಯಿತು ಎಂಬುದನ್ನೂ ನೋಡುತ್ತಾರೆ. ಪ್ರಾಕ್ಟಿಕಲ್‌ಗೆ ಇಡುವ ಸ್ಲೈಡುಗಳನ್ನು ಒಂದು ವರ್ಷ ಮುಂಚೆಯೇ ತೆಗೆದಿಡಲು ಶುರುಮಾಡಿ. ಪ್ರತಿ ಕೇಸಿನಿಂದ ಅಭ್ಯರ್ಥಿಗಳಿಗೂ ಪರೀಕ್ಷಕರಿಗೂ ಸಾಕಾಗುವಷ್ಟು ರಿಕಟ್ ಬೇಕು, ಕೊನೆಯ ಸ್ಲೈಡಿನಲ್ಲೂ ಗೆಡ್ಡೆ ಇದೆಯೇ ಎಂದು ನೋಡಿಕೊಳ್ಳಬೇಕು. ಸಣ್ಣ ಬಯಾಪ್ಸಿಯಲ್ಲಿ ಐದನೇ ರಿಕಟ್ ಹೊತ್ತಿಗೆ ಗೆಡ್ಡೆಯೇ ಮುಗಿದುಹೋಗಿರುತ್ತದೆ. ಗ್ರಾಸಿಂಗ್‌ಗೆ ಇಡುವ ಸ್ಪೆಸಿಮನ್ನು, ಶವಪರೀಕ್ಷೆಯ ಅಂಗಗಳು, ಮೂಳೆಮಜ್ಜೆಯ ಸ್ಮಿಯರುಗಳು, ಸ್ಟೇನ್ ಮಾಡಲು ಕೊಡುವ ಸ್ಯಾಂಪಲ್ಲುಗಳು ಎಲ್ಲಕ್ಕೂ ಬದಲಿ ಒಂದೊಂದು ಇರಲಿ. ಪರೀಕ್ಷೆ ಮುಗಿದ ದಿನವೇ ಕೇಸುಗಳ ಪಟ್ಟಿ, ಅಭ್ಯರ್ಥಿಗಳ ಉತ್ತರ, ಅಂಕಗಳ ಹಾಳೆ ಇವುಗಳ ಪ್ರತಿಯನ್ನು ವಿಶ್ವವಿದ್ಯಾಲಯದ ನಿಯಮ ಬಿಟ್ಟಷ್ಟರ ಮಟ್ಟಿಗೆ ಬೇರೆ ಫೈಲಿನಲ್ಲಿ ಸೇರಿಸಿ, ತೇವ ತಾಗದ ಕಪಾಟಿನಲ್ಲಿ ಇಡಿ.